ಆಯುಧಪೂಜೆಗೆ ತೊಳೆದ ಸರ್ವರ್

ಹರವೆಯ ಶಿವರುದ್ರಸ್ವಾಮಿಗೆ ಕುರ್ಚಿ ಕೊಡುವುದೇ ದಂಡ. ನಾನು ಕೊಡುತ್ತಿದ್ದೆ, ಅವನು ಅದರ ಬೆನ್ನು ಹಿಡಿದು ನಿಂತೇ ಮಾತಾಡುತ್ತಿದ್ದ. ಮಾತಾಡುತ್ತಲೇ ನನ್ನ ಮೇಜಿನ ಮೇಲಿನ ಸ್ಟೇಪ್ಲರ್ ಬಿಚ್ಚುತ್ತಿದ್ದ. ಅದು ನೆಟ್ಟಗೆ ಕೆಲಸ ಮಾಡುತ್ತಿತ್ತಲ್ಲಪ್ಪ ಅಂದರೆ, "ಇನ್ನೂ ಚೆನ್ನಾಗ್ ಮಾಡ್ತೀನಿ ತಾಳಕ್ಕ" ಅನ್ನುತ್ತಿದ್ದ. ಆಮೇಲೆ ಆ ಸ್ಪ್ರಿಂಗು ಎಲ್ಲಿಗೆ ಹಾರಿತು ಎಂದು ನಾವಿಬ್ಬರೂ ನೆಲ ಹುಡುಕಬೇಕು. ಇರಲಾರದೆ ಇರುವೆ ಬಿಟ್ಟುಕೊಂಡ ಅನ್ನುತ್ತಾರಲ್ಲ, ಆ ಮಾತನ್ನು ಇವನನ್ನು ನೋಡಿಯೇ ಯಾರೋ ಮಾಡಿರಬೇಕು.

ಚಾಮರಾಜನಗರದ ದೊಡ್ಡಂಗಡಿ ಬೀದಿಯಲ್ಲಿ ನಮ್ಮ ಯಜಮಾನರು ಅಬ್ದುಲ್ ಜಬ್ಬಾರ್ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾರೆ. ಅಂಗಡಿಯ ಮಾಳಿಗೆಯಲ್ಲಿ ನನ್ನ ಕಂಪ್ಯೂಟರ್ ಸೆಂಟರ್. ಬೋರ್ಡಿನಲ್ಲಿ ತಾಹಿರಾ ಎಂದು ನನ್ನ ಹೆಸರೇ ಇದೆ. ಎಂಟು ಕಂಪ್ಯೂಟರು, ಮೂಲೆಯಲ್ಲಿ ಒಂದು ಸರ್ವರ್. ಪಾಠ, ಟೈಪಿಂಗ್, ಪರೀಕ್ಷೆ ಎಲ್ಲವೂ ಆ ಸರ್ವರಿನಲ್ಲಿ. ಅದು ಮಲಗಿದರೆ ಎಂಟೂ ಮಲಗಿದ ಹಾಗೆ. ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಿ, ತಂತಿ ಎಳೆದು, ಎಲ್ಲವನ್ನೂ ಜೋಡಿಸಿದವನು ಶಿವರುದ್ರಸ್ವಾಮಿ. ಅದನ್ನು ಅಲ್ಲಗಳೆಯುವುದಿಲ್ಲ. ಅವನ ಕೈಯಲ್ಲಿ ಕೆಲಸವಿತ್ತು. ಕೈ ಸುಮ್ಮನಿರುತ್ತಿರಲಿಲ್ಲ, ಅಷ್ಟೇ.

ಕಾಲೂ ಸುಮ್ಮನಿರುತ್ತಿರಲಿಲ್ಲ. ಮೊದಲು ಹರವೆಯಲ್ಲಿ ಎಸ್‌ಟಿಡಿ ಬೂತ್ ಇಟ್ಟ. ಅದು ಚೆನ್ನಾಗಿ ನಡೆಯಲು ಶುರುವಾದಾಗ ಬೇಜಾರಾಗಿ ತೆರಕಣಾಂಬಿಗೆ ಹೋಗಿ ಕೇಬಲ್ ಟಿವಿ ಹುಡುಗರ ಜೊತೆ ಸೇರಿದ. ಅಲ್ಲಿಂದ ಗುಂಡ್ಲುಪೇಟೆಯ ಸುಧಾಕರನ ಕಂಪ್ಯೂಟರ್ ಅಂಗಡಿಗೆ, ಅಲ್ಲಿಂದ ಇಲ್ಲಿಗೆ. ಪ್ರತಿ ಕೆಲಸಕ್ಕೂ ಒಂದು ಬಾಡಿಗೆ ಮನೆ. ಪ್ರತಿ ಸಲವೂ ಅವನ ಹೆಂಡತಿ ಭವ್ಯ ಪಾತ್ರೆ ಪಡಗ ಗೋಣಿಚೀಲಕ್ಕೆ ತುಂಬಬೇಕು, ಒಲೆ ಹೊತ್ತಿಸುವ ಹೊಸ ಜಾಗ ಹುಡುಕಬೇಕು, ಪಕ್ಕದ ಮನೆಯವರ ಹೆಸರು ಹೊಸದಾಗಿ ಕಲಿಯಬೇಕು. ಅವಳು ಹಂಗಳದ ಹುಡುಗಿ. ಮಾತು ಕಡಿಮೆ. ಒಂದು ದಿನ ಮಗುವನ್ನು ಸೊಂಟಕ್ಕೆ ಕೂರಿಸಿಕೊಂಡು ನನ್ನ ಮೆಟ್ಟಿಲು ಹತ್ತಿ ಬಂದಳು.

"ಅಕ್ಕ, ನಂಗೂ ಕಲಿಸ್ಕೊಡಿ. ಇವ್ರ ಕಾಲು ನಿಲ್ಲಾಕಿಲ್ಲ. ನನ್ ಕಾಲಾದ್ರೂ ಒಂದ್ ಕಡೆ ಊರ್ಬೇಕು" ಅಂದಳು.

ಕಲಿತಳು. ಮಗು ಕಾಲ ಬಳಿ ಆಡುತ್ತಿದ್ದರೆ ಇವಳು ಬೆನ್ನು ನೇರ ಮಾಡಿಕೊಂಡು ಕೂತು ಟೈಪ್ ಮಾಡುತ್ತಿದ್ದಳು. ಗುಂಡ್ಲುಪೇಟೆಯಲ್ಲಿ ಚೆಂಡು ಹೂವು ಕೊಳ್ಳುವ ಒಂದು ಫ್ಯಾಕ್ಟರಿಯ ಆಫೀಸಿನಲ್ಲಿ ಅವಳಿಗೆ ಕೆಲಸ ಕೊಡುತ್ತೇವೆ ಎಂದಿದ್ದರು. ಹೂವಿನ ಗಾಡಿಗಳ ತೂಕವನ್ನು ಕಂಪ್ಯೂಟರಿಗೆ ಏರಿಸುವ ಕೆಲಸ, ತಿಂಗಳ ಸಂಬಳ. ಸರ್ಟಿಫಿಕೇಟ್ ತರಬೇಕು, ದೀಪಾವಳಿಯವರೆಗೆ ಕಾಯುತ್ತೇವೆ, ಆಮೇಲೆ ಬೇರೆಯವರನ್ನು ತಗೊಳ್ಳುತ್ತೇವೆ ಎಂದು ಹೇಳಿ ಕಳಿಸಿದ್ದರು. ನಮ್ಮ ಪರೀಕ್ಷೆ ಇದ್ದದ್ದು ದಸರಾ ಮುಗಿದ ಮೇಲಿನ ಸೋಮವಾರ. ಅದು ತಪ್ಪಿದರೆ ಮುಂದಿನದು ಬೇಸಿಗೆಯಲ್ಲಿ. ಅಂದರೆ ಆ ಸೋಮವಾರ ಪರೀಕ್ಷೆ ನಡೆದರೆ ಭವ್ಯಳಿಗೆ ಒಂದು ಊರು, ಒಂದು ಮನೆ. ಇಲ್ಲದಿದ್ದರೆ ಮತ್ತೆ ಗೋಣಿಚೀಲ. ಇದು ನನಗೆ ಗೊತ್ತಿತ್ತು, ನನ್ನ ಯಜಮಾನರಿಗೆ ಗೊತ್ತಿತ್ತು, ಶಿವರುದ್ರಸ್ವಾಮಿಗೂ ಗೊತ್ತಿತ್ತು.

ಗೊತ್ತಿದ್ದೂ ಆ ಪುಣ್ಯಾತ್ಮ ಆಯುಧಪೂಜೆಯ ಹಿಂದಿನ ದಿನ ಸರ್ವರಿಗೆ ಹೊಸ ಕರ್ನಲ್ ಹಾಕಲು ಕೂತ. ಕೂತ ಅಂದರೆ ನಿಂತ.

ಕರ್ನಲ್ ಅಂದರೇನು ಎಂದು ಅವನೇ ನಮ್ಮ ಹುಡುಗಿಯರಿಗೆ ಚೆನ್ನಾಗಿ ಹೇಳಿಕೊಟ್ಟಿದ್ದ. ಯಂತ್ರದೊಳಗೆ ಒಬ್ಬ ಯಜಮಾನ ಇದ್ದಾನೆ, ಅವನೇ ಕರ್ನಲ್. ಅವನ ಕೈಕೆಳಗೆ ಆಳುಗಳಿದ್ದಾರೆ, ಅವು ಮಾಡ್ಯೂಲ್. ಯಂತ್ರಗಳನ್ನು ಒಂದಕ್ಕೊಂದು ಸೇರಿಸುವ ನೆಟ್‌ವರ್ಕ್ ಕಾರ್ಡಿಗೆ ಒಬ್ಬ, ಸೌಂಡಿಗೆ ಒಬ್ಬ, ಹೀಗೆ. ಯಜಮಾನ ಬದಲಾದರೆ ಆಳುಗಳೂ ಬದಲಾಗಬೇಕು. ಒಬ್ಬನ ಆಳು ಇನ್ನೊಬ್ಬನ ಮಾತು ಕೇಳುವುದಿಲ್ಲ. ಇಷ್ಟನ್ನು ಬಾಯಿತುಂಬ ಹೇಳುತ್ತಿದ್ದವನು ಅವನೇ.

"ಪರೀಕ್ಷೆ ಮುಗೀಲಿ ಸ್ವಾಮಿ. ಓಡುತ್ತಿರೋ ಬಂಡಿಗೆ ಯಾಕೆ ಕೈ ಹಾಕ್ತೀಯ" ಅಂದೆ.

"ಅಕ್ಕ, ಹೊಸದು ಹಾಕ್ಬುಟ್ರೆ ಬೇಗ ಓಡ್ತದೆ ಕಣಕ್ಕ. ಪರೀಕ್ಷೆ ದಿನ ನೀವೇ ನೋಡಿ. ಎಲ್ಲಾ ಮುಗೀತು, ಒಂದ್ ಚಿಟಿಕೆ ಕೆಲ್ಸ" ಅಂದ.

ಹೊಸದನ್ನು ಹಾಕಿದ. ಮಾರನೆಯ ದಿನ ಆಯುಧಪೂಜೆ. ನಮ್ಮ ಬೀದಿಯಲ್ಲಿ ಆ ದಿನ ಜಾತಿ ಕೇಳುವವರಿಲ್ಲ. ಕಮ್ಮಾರನ ಸುತ್ತಿಗೆಗೂ ಪೂಜೆ, ಆಟೋಗೂ ಪೂಜೆ, ನಮ್ಮ ಯಜಮಾನರ ಸ್ಕ್ರೂಡ್ರೈವರ್ ಡಬ್ಬಕ್ಕೂ ಪಕ್ಕದ ಅಂಗಡಿಯವರು ಬಂದು ಹೂವು ಮುಡಿಸುತ್ತಾರೆ. ನಮ್ಮ ಸೆಂಟರಿನ ಹುಡುಗಿಯರು ಕೀಬೋರ್ಡು ತಲೆಕೆಳಗು ಮಾಡಿ ಕೊಡವಿದರು, ಪರದೆ ಒರೆಸಿದರು, ಬಾಗಿಲಿಗೆ ಬಾಳೆಕಂದು ಕಟ್ಟಿದರು. ಶಿವರುದ್ರಸ್ವಾಮಿ ಸರ್ವರಿನ ಮುಚ್ಚಳ ಬಿಚ್ಚಿ ಬ್ರಷ್ಷಿನಿಂದ ಧೂಳು ಹೊಡೆದ. ಮುಚ್ಚಳ ಹಾಕಿದ ಮೇಲೂ ಅವನಿಗೆ ಸಮಾಧಾನವಿಲ್ಲ.

"ಹೊರಗೆ ತೊಳ್ದ್ರೆ ಸಾಕಾ? ಒಳಗೂ ತೊಳೀಬೇಕು. ಹಳೇ ಗುಜರಿ ಇಟ್ಕೊಂಡು ಪೂಜೆ ಮಾಡಬಾರ್ದು" ಎಂದು ನಿಂತುಕೊಂಡೇ ಪಟಪಟ ಟೈಪ್ ಮಾಡಿ ಏನೇನೋ ಅಳಿಸಿದ. ಆಮೇಲೆ ಯಂತ್ರ ಆರಿಸಿ, ಅದಕ್ಕೆ ಕುಂಕುಮ ಇಟ್ಟು, ಕೆಳಗೆ ಬೀದಿಯಲ್ಲಿ ಬೂದುಗುಂಬಳ ಒಡೆದ.

ಪೂಜೆಗಿಟ್ಟ ಆಯುಧವನ್ನು ಮುಟ್ಟಬಾರದು. ಬೀದಿಯವರೆಲ್ಲರ ಸುತ್ತಿಗೆ ಮಲಗಿರುವಾಗ ನಮ್ಮದೊಂದೇ ಏಳುವುದು ಚೆನ್ನಾಗಿರುವುದಿಲ್ಲ ಎಂದು ನಮ್ಮ ಯಜಮಾನರೂ ಷಟರ್ ಎಳೆದರು. ವಿಜಯದಶಮಿ ಕಳೆಯಿತು, ಭಾನುವಾರ ಕಳೆಯಿತು. ಸರ್ವರ್ ಹೂವು ಮುಡಿದುಕೊಂಡು ಮಲಗಿಯೇ ಇತ್ತು. ಬೇರೆ ಯಾವ ವಾರವಾಗಿದ್ದರೂ ಸಂಜೆಯೊಳಗೆ ಯಾರಾದರೂ ಒಮ್ಮೆ ಹಚ್ಚಿ ನೋಡಿರುತ್ತಿದ್ದರು.

ಸೋಮವಾರ ಬೆಳಿಗ್ಗೆ ಪರೀಕ್ಷಕರು ಮಹದೇವಪ್ರಸಾದ್ ಮೈಸೂರಿನಿಂದ ಬಂದರು. ಪ್ರಶ್ನೆಗಳ ಸೀಡಿ ಮೊಹರು ಹಾಕಿದ ಕವರಿನಲ್ಲಿತ್ತು. ಅದನ್ನು ಸರ್ವರಿಗೆ ಮಾತ್ರ ಹಾಕಬೇಕು, ಒಂದೊಂದು ಯಂತ್ರಕ್ಕೂ ನಕಲು ಮಾಡುವಂತಿಲ್ಲ, ಅದು ನಿಯಮ. ಹಬ್ಬಕ್ಕೆ ತವರಿಗೆ ಹೋಗಿದ್ದ ಭವ್ಯ ಮಗುವನ್ನು ಹಂಗಳದಲ್ಲೇ ತಾಯಿಯ ಹತ್ತಿರ ಬಿಟ್ಟು ಮೊದಲನೆಯ ಬಸ್ಸಿಗೇ ಬಂದಿದ್ದಳು. ಉಳಿದ ಏಳು ಹುಡುಗಿಯರೂ ಬಂದು ಕೂತಿದ್ದರು. ನಾನು ಬಿಸ್ಮಿಲ್ಲಾ ಎಂದು ಸರ್ವರ್ ಹಚ್ಚಿದೆ. ಅದು ಎದ್ದಿತು, ಪರದೆಯ ಮೇಲೆ ಬಿಳಿ ಅಕ್ಷರಗಳು ಸರಸರ ಹರಿದವು. ಆಮೇಲೆ ಎಂಟೂ ಕಂಪ್ಯೂಟರು ಒಂದೇ ಮಾತು ಹೇಳಿದವು: ಸರ್ವರ್ ಸಿಗುತ್ತಿಲ್ಲ.

ಶಿವರುದ್ರಸ್ವಾಮಿ ಬಾಗಿಲಲ್ಲೇ ಇದ್ದ. "ತಂತಿ ಸಡ್ಲ ಆಗದೆ" ಎಂದು ಎಲ್ಲ ತಂತಿಗಳನ್ನೂ ಕಿತ್ತು ಮತ್ತೆ ಸಿಕ್ಕಿಸಿದ. ಇಲ್ಲ. ಇಲಿ ಕಡಿದಿದೆ ಎಂದು ಮೇಜಿನ ಕೆಳಗೆ ತೂರಿ, ತಲೆಗೆ ಜೇಡರ ಬಲೆ ಮೆತ್ತಿಕೊಂಡು ಹೊರಬಂದ. ಇಲ್ಲ. ಕುಂಕುಮ ಒಳಗೆ ಬಿದ್ದಿದೆ ಎಂದು ಮುಚ್ಚಳ ಬಿಚ್ಚಿ ಉಫ್ ಉಫ್ ಎಂದು ಊದಿದ. ಯಂತ್ರವನ್ನು ಆರಿಸಿ ಹಚ್ಚಿ, ಆರಿಸಿ ಹಚ್ಚಿ, ಪ್ರತಿ ಸಲ ಬಿಳಿ ಅಕ್ಷರ ಹರಿಯುವಾಗಲೂ ಅವನು ಬೇರೆ ಕಡೆ ನೋಡುತ್ತಿದ್ದ.

"ನೆಟ್‌ವರ್ಕ್ ಕಾರ್ಡೇ ಓಗದೆ. ಗುಂಡ್ಲುಪೇಟೇಲಿ ಸುಧಾಕರನ ತಾವು ಇಂಥದ್ದೇ ಕಾರ್ಡದೆ. ಓಗ್ಬುಟ್ಟು ಬತ್ತೀನಿ" ಎಂದ.

ಎದುರಿಗೆ ಎಂಟು ಯಂತ್ರ, ಎಂಟರಲ್ಲೂ ಕಾರ್ಡು. ಒಂದನ್ನು ಕಿತ್ತು ಹಾಕಿ ನೋಡಪ್ಪ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವನ ಕಾಲು ಮೆಟ್ಟಿಲ ಮೇಲಿತ್ತು. ಕೆಳಗೆ ಬೈಕ್ ಸದ್ದು ಕೇಳಿತು. ಗುಂಡ್ಲುಪೇಟೆ ಏನು ಪಕ್ಕದ ಓಣಿಯೇ?

ಮಹದೇವಪ್ರಸಾದ್ ಒಳ್ಳೆಯ ಮನುಷ್ಯರು. ಕೂಗಾಡಲಿಲ್ಲ. "ಮಧ್ಯಾಹ್ನದವರೆಗೆ ಕಾಯ್ತೀನಿ ಮೇಡಂ. ಆಮೇಲೆ ಗುಂಡ್ಲುಪೇಟೆ ಸೆಂಟರಿಗೆ ಹೋಗಲೇಬೇಕು. ಅಷ್ಟರಲ್ಲಿ ಶುರು ಆಗದಿದ್ರೆ ಮೊಹರು ಒಡೆಯದೇ, ಇಲ್ಲಿ ಪರೀಕ್ಷೆ ನಡೀಲಿಲ್ಲ ಅಂತ ಬರೀತೀನಿ" ಎಂದು ಪೇಪರ್ ಬಿಡಿಸಿ ಕೂತರು. ಅದೇ ಪ್ರಶ್ನೆಗಳಿಂದ ಮಧ್ಯಾಹ್ನ ಅಲ್ಲೂ ಪರೀಕ್ಷೆ. ಅಲ್ಲಿ ಮುಗಿದ ಮೇಲೆ ನಮ್ಮ ಹುಡುಗಿಯರಿಗೆ ಅದನ್ನು ಕೊಡುವಂತಿಲ್ಲ.

ಭವ್ಯ ತನ್ನ ಕುರ್ಚಿಯಿಂದ ಏಳಲಿಲ್ಲ. ಖಾಲಿ ಪರದೆಯ ಮುಂದೆ ಕೂತೇ ಇದ್ದಳು. ನಾನು ಪಕ್ಕಕ್ಕೆ ಹೋಗಿ ಕೂತೆ.

"ಬೆಳಿಗ್ಗೆ ಮಗು ಬಿಡಾಕಿಲ್ಲ ಅಂತ ಸೆರಗು ಹಿಡ್ಕೊಂಡಿತ್ತು ಅಕ್ಕ. ಕೈ ಬಿಡಿಸ್ಕೊಂಡು ಬಂದೆ" ಅಂದಳು. ಮತ್ತೆ ಅವಳೇ, "ಇವತ್ತೊಂದಿನ ನೀವು ಸೆಂಟರಿಗೆ ಬರಬ್ಯಾಡಿ ಅಂತ ಇವ್ರ ಕಾಲ್ ಕಟ್ಕೊಂಡೆ. ನಂಗೆ ಕೋಪ ಬತ್ತಾದೆ ಅಕ್ಕ. ಎಷ್ಟು ಕೋಪ ಅಂದ್ರೆ, ಇವ್ರು ವಾಪಸ್ ಬರದಿದ್ರೂ ಸರಿ ಅನ್ನಿಸ್ತದೆ."

ನಾನು ಅವಳ ಕೈ ಹಿಡಿದೆ. ನನಗೂ ಹಾಗೇ ಅನ್ನಿಸುತ್ತಿತ್ತು. ಕಿಟಕಿಗೆ ಹೋದೆ, ಬಂದೆ. ಗಡಿಯಾರ ನೋಡಿದೆ. ಯಜಮಾನರು ಕೆಳಗಿನಿಂದ ಎಲ್ಲರಿಗೂ ಚಹಾ ಕಳಿಸಿದರು, ಯಾರೂ ಕುಡಿಯಲಿಲ್ಲ. ಒಬ್ಬ ಹುಡುಗಿ ಅಳಲು ಶುರು ಮಾಡಿದಳು, ಅವಳನ್ನು ಬೈದೆ, ಬೈದದ್ದಕ್ಕೆ ನನಗೇ ಬೇಜಾರಾಯಿತು. ಮತ್ತೆ ಕಿಟಕಿಗೆ ಹೋದೆ. ಬೀದಿಯಲ್ಲಿ ಹಾದುಹೋಗುವ ಪ್ರತಿ ಬೈಕೂ ಅವನದೇ ಅನ್ನಿಸುತ್ತಿತ್ತು.

ಕೊನೆಗೆ ಬಂದ. ಮುಖದ ತುಂಬ ಧೂಳು, ಅಂಗಿ ಜೇಬಿನಲ್ಲಿ ಕಾರ್ಡು. ಬೈಕಿನ ಕೀಯನ್ನು ಮೇಜಿನ ಮೇಲೆ ಎಸೆದು ಕಾರ್ಡು ಹಾಕಿದ, ಯಂತ್ರ ಹಚ್ಚಿದ. ಸರ್ವರ್ ಸಿಗುತ್ತಿಲ್ಲ.

"ಮದರ್‌ಬೋರ್ಡೇ ಓಗದೆ ಅನ್ಸುತ್ತಕ್ಕ. ಮೈಸೂರಿಗೆ ಓಗಿ..." ಎನ್ನುತ್ತ ಮೇಜಿನ ಕಡೆ ಕೈ ಚಾಚಿದ.

ನನ್ನ ಪಿತ್ತ ನೆತ್ತಿಗೇರಿತು. ಕೀಯನ್ನು ನಾನು ಮೊದಲು ಎತ್ತಿಕೊಂಡೆ. ಮುಷ್ಟಿ ಬಿಗಿದು ಬಾಗಿಲಿಗೆ ಅಡ್ಡ ನಿಂತೆ.

"ಕೂತ್ಕೊ" ಅಂದೆ.

"ಅಕ್ಕ, ಟೈಮಿಲ್ಲ ಕಣಕ್ಕ..."

"ಟೈಮ್ ಇಲ್ಲ ಅಂತಲೇ ಹೇಳ್ತಿರೋದು. ಆ ಕುರ್ಚಿ ಮೇಲೆ ಕುಂಡಿ ಊರಿ ಕೂತ್ಕೊ. ಆ ಬಿಳಿ ಅಕ್ಷರ ಬೆಳಿಗ್ಗೆಯಿಂದ ಏನೋ ಒದರ್ತಾ ಇದೆ. ಅದನ್ನ ಒಂದೊಂದೇ ಸಾಲು ಓದು. ಓದಿ ಮುಗಿಯೋವರೆಗೂ ನೀನು ಎದ್ದರೆ ನನ್ನಷ್ಟು ಕೆಟ್ಟವಳು ಇಲ್ಲ."

ಪರೀಕ್ಷಕರು ಪೇಪರ್ ಕೆಳಗಿಳಿಸಿ ನೋಡಿದರು. ಗದ್ದಲ ಕೇಳಿ ನಮ್ಮ ಯಜಮಾನರು ಮೇಲೆ ಬಂದಿದ್ದರು. ಅವರೂ ನನ್ನ ಪಕ್ಕ ನಿಂತು, "ಕೂತ್ಕೋ ಸ್ವಾಮಿ. ಬಿಚ್ಚೋದಕ್ಕೆ ಮುಂಚೆ ನೋಡ್ಬೇಕು. ನಾನೂ ಅದೇ ತಪ್ಪು ಮಾಡ್ತೀನಿ, ಇವಳು ನನ್ನೂ ಹೀಗೇ ಬೈತಾಳೆ" ಅಂದರು.

ಅವನು ಕೂತ. ಯಂತ್ರವನ್ನು ಇನ್ನೊಮ್ಮೆ ಹಚ್ಚಿದ, ಹರಿದು ಹೋದ ಸಾಲುಗಳನ್ನು ಹಿಂದಕ್ಕೆ ಕರೆದು ಓದತೊಡಗಿದ. ಮೊಣಕಾಲು ಅದುರುತ್ತಿತ್ತು, ಉಗುರು ಕಚ್ಚುತ್ತಿದ್ದ, ಎರಡು ಸಲ ಅರ್ಧ ಎದ್ದು ನನ್ನ ಮುಖ ನೋಡಿ ಮತ್ತೆ ಕೂತ. ಸುಮ್ಮನೆ ಕೂತು ಓದುವುದು ಆ ಮನುಷ್ಯನಿಗೆ ಮೂಟೆ ಹೊರುವುದಕ್ಕಿಂತ ಕಷ್ಟ ಎಂದು ಅವತ್ತು ನೋಡಿದೆ. ಆಮೇಲೆ ಅವನ ಕಾಲು ಅದುರುವುದು ನಿಂತಿತು. ಪರದೆಯ ಹತ್ತಿರಕ್ಕೆ ಬಾಗಿ ಒಂದು ಸಾಲಿನ ಮೇಲೆ ಬೆರಳಿಟ್ಟ.

"ಮಾಡ್ಯೂಲ್ ಇಲ್ಲ ಅಂತಾದೆ" ಅಂದ. ಇನ್ನೇನೋ ಟೈಪ್ ಮಾಡಿದ, ನೋಡಿದ. ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. "ನಾನೇ ಕಣಕ್ಕ. ನಾನೇ ಮಾಡ್ಬುಟ್ಟೆ."

ಏನಾಗಿದೆ ಎಂದು ಅವನು ಹೇಳಿದ್ದು ಇಷ್ಟು. ಹೊಸ ಯಜಮಾನನನ್ನು ತಂದು ಒಳಗೆ ಕೂರಿಸಿದ್ದಾನೆ. ಆದರೆ ಯಂತ್ರ ಎದ್ದ ಕೂಡಲೇ ಯಾರನ್ನು ಎಬ್ಬಿಸಬೇಕು ಎಂದು ಹೇಳುವ ಒಂದು ಸಣ್ಣ ಪ್ರೋಗ್ರಾಮ್ ಇರುತ್ತದೆ, ಅದಕ್ಕೆ ಈ ವಿಷಯ ತಿಳಿಸುವುದನ್ನು ಮರೆತಿದ್ದಾನೆ. ಹಾಗಾಗಿ ಅದು ದಿನವೂ ಎಬ್ಬಿಸುವ ಹಾಗೆ ಹಳೇ ಯಜಮಾನನನ್ನೇ ಎಬ್ಬಿಸುತ್ತಿದೆ. ಹಳೇ ಯಜಮಾನ ಎದ್ದು ತನ್ನ ಆಳುಗಳನ್ನು ಕೂಗುತ್ತಿದ್ದಾನೆ. ಅವನ ಆಳುಗಳನ್ನೆಲ್ಲ ಇವನು ಗುಜರಿ ಎಂದು ಆಯುಧಪೂಜೆಯ ದಿನ ಗುಡಿಸಿ ಹಾಕಿದ್ದಾನೆ. ನೆಟ್‌ವರ್ಕ್ ಕಾರ್ಡು ಹಳೆಯದಿದ್ದರೇನು, ಗುಂಡ್ಲುಪೇಟೆಯಿಂದ ತಂದದ್ದಾದರೇನು, ಅದನ್ನು ಮಾತಾಡಿಸುವ ಆಳೇ ಇಲ್ಲ.

ಮಾಡಿದ್ದುಣ್ಣೋ ಮಹಾರಾಯ. ಆದರೆ ಇಲ್ಲಿ ಮಾಡಿದವನು ಒಬ್ಬ, ಉಣ್ಣುವವಳು ಇನ್ನೊಬ್ಬಳು.

"ಸರಿಮಾಡೋದು ಹೇಗೆ?" ಎಂದು ಕೇಳಿದೆ.

"ಎರಡು ದಾರಿ ಅವೆ. ಹಳೇ ಲಿನಕ್ಸ್ ಸೀಡಿ ಹರವೆ ಮನೇಲಿ ಅಟ್ಟದ ಮ್ಯಾಲೆ ಅದೆ. ಅದ್ರಿಂದ ಹಳೇ ಮಾಡ್ಯೂಲ್ ವಾಪಸ್ ಹಾಕ್ಬೋದು. ಅದು ಗ್ಯಾರಂಟಿ ಆಯ್ತದೆ, ಆದ್ರೆ ಓಗಿ ಬರೋದ್ರಲ್ಲಿ ಸಾರ್ ಹೊರಟೋಯ್ತಾರೆ. ಇನ್ನೊಂದು, ಹೊಸ ಕರ್ನಲ್‌ನೇ ಎಬ್ಬಿಸೋದು. ಅದ್ರ ಮಾಡ್ಯೂಲ್ ಎಲ್ಲಾ ಅವೆ. ಆದ್ರೆ ಅದನ್ನ ಇನ್ನೂ ಒಂದ್ ಸಲನೂ ಹಚ್ಚಿ ನೋಡಿಲ್ಲ ಕಣಕ್ಕ. ಎಬ್ಬಿಸೋಕೋಗಿ ಕೆಟ್ರೆ ಈ ಪರದೇನೂ ಬರಾಕಿಲ್ಲ."

ಹೇಳುತ್ತ ಹೇಳುತ್ತ ಅವನ ಕಣ್ಣು ನನ್ನ ಮುಷ್ಟಿಯ ಕಡೆ ಹೋಯಿತು. ಹರವೆ ಎಂಬ ಹೆಸರು ಬಾಯಿಗೆ ಬಂದದ್ದೇ ತಡ, ಕಾಲು ಆಗಲೇ ಬೈಕಿನ ಮೇಲೆ. ನಾನು ಅಲುಗಾಡಲಿಲ್ಲ. ಅವನು ನನ್ನನ್ನು ಬಿಟ್ಟು ಹಿಂದಕ್ಕೆ ತಿರುಗಿ ಭವ್ಯಳನ್ನು ನೋಡಿದ.

"ಏನ್ ಮಾಡನ?" ಎಂದು ಅವಳನ್ನು ಕೇಳಿದ.

ಭವ್ಯ ಅವನನ್ನೇ ನೋಡುತ್ತಾ ಕೂತಳು. "ನನ್ನ ಕೇಳ್ತಾ ಇದ್ದೀರಾ?" ಅಂದಳು.

"ಊಂ."

"ತೆರಕಣಾಂಬಿಗೆ ಓಗೋವಾಗ ಕೇಳ್ನಿಲ್ಲ. ಗುಂಡ್ಲುಪೇಟೆಗೆ ಓಗೋವಾಗ ಕೇಳ್ನಿಲ್ಲ. ಅಲ್ಲಿಂದ ಇಲ್ಲಿಗೆ ಬರೋವಾಗ ಪಾತ್ರೆ ಕಟ್ಟು ಅಂದ್ರಿ ಅಷ್ಟೇಯ. ನನ್ ಪರೀಕ್ಷೆ ಮಿಶಿನಿಗೆ ಕೈ ಹಾಕೋವಾಗ್ಲೂ ಕೇಳ್ನಿಲ್ಲ."

ಹುಡುಗಿಯರು ಕೀಬೋರ್ಡು ನೋಡುತ್ತಾ ಕೂತರು. ಪರೀಕ್ಷಕರು ಗಡಿಯಾರ ನೋಡಿದರು.

"ಎಲ್ಲಿಗೂ ಓಗ್ಬೇಡಿ. ಇಲ್ಲೇ ಕೂತ್ಕೊಂಡು ಮಾಡಿ. ಕೆಟ್ರೆ ಕೆಡ್ಲಿ. ಇದ್ದು ಕೆಡಿಸಿದ್ರಿ ಅಂತ ಅಂದ್ಕೊತೀನಿ, ಬುಟ್ಟು ಓಡೋದ್ರಿ ಅಂತ ಅಂದ್ಕೊಳಾದು ಬ್ಯಾಡ" ಅಂದಳು ಭವ್ಯ.

ಅವನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. ಈ ಸಲ ಪಟಪಟ ಎನ್ನಲಿಲ್ಲ. ಒಂದು ಸಾಲು ಹೊಡೆಯುವುದು, ಅದನ್ನು ಬಾಯಲ್ಲಿ ಓದುವುದು, ಆಮೇಲೆ ಎಂಟರ್ ಒತ್ತುವುದು. ಹೊಸ ಕರ್ನಲ್‌ನ ಹೆಸರನ್ನು ಆ ಸಣ್ಣ ಪ್ರೋಗ್ರಾಮಿಗೆ ಬರೆದುಕೊಟ್ಟ, ಅದು ಬರೆದುಕೊಂಡಿದೆಯೇ ಎಂದು ಇನ್ನೊಮ್ಮೆ ನೋಡಿದ. ಹೊಸ ಮಾಡ್ಯೂಲುಗಳಲ್ಲಿ ನಮ್ಮ ಕಾರ್ಡಿನದು ಇದೆಯೇ ಎಂದು ಹುಡುಕಿ, ಇದೆ ಎಂದು ನನಗೂ ತೋರಿಸಿದ. ಸುಧಾಕರನ ಕಾರ್ಡು ಕಿತ್ತು ನಮ್ಮದನ್ನೇ ಹಾಕಿದ. ಆಮೇಲೆ ಯಂತ್ರವನ್ನು ಮತ್ತೆ ಎಬ್ಬಿಸಿದ.

ಪರದೆ ಕಪ್ಪಾಯಿತು. ಕಪ್ಪಾಗಿಯೇ ಇತ್ತು. ಯಾ ಅಲ್ಲಾ, ಇದೂ ಹೋಯಿತು ಅಂದುಕೊಂಡೆ. ನನ್ನ ಅಂಗೈಯಲ್ಲಿ ಕೀ ಒತ್ತಿ ಗುರುತು ಬಿದ್ದಿತ್ತು. ಆಮೇಲೆ ಬಿಳಿ ಅಕ್ಷರಗಳು ಮೇಲಿನಿಂದ ಹರಿಯತೊಡಗಿದವು. ಶಿವರುದ್ರಸ್ವಾಮಿ ಒಂದೊಂದನ್ನೂ ಬಿಡದೆ ತುಟಿ ಅಲುಗಿಸುತ್ತಾ ಓದುತ್ತಿದ್ದ. ಒಂದು ಕಡೆ ಅದು ನಿಂತಿತು, ಮತ್ತೆ ಮುಂದಕ್ಕೆ ಹೋಯಿತು.

"ಕಾರ್ಡ್ ಸಿಕ್ತು" ಅಂದ. ಅಷ್ಟರಲ್ಲಿ ಭವ್ಯಳ ಪರದೆಯಲ್ಲಿ ನಮ್ಮ ಸೆಂಟರಿನ ಹೆಸರು ಮೂಡಿತ್ತು. ಆಮೇಲೆ ಪಕ್ಕದವಳದ್ದರಲ್ಲಿ, ಅದರ ಪಕ್ಕದವಳದ್ದರಲ್ಲಿ.

ಮಹದೇವಪ್ರಸಾದ್ ಕವರಿನ ಮೊಹರು ಒಡೆದರು. ಇನ್ನೂ ಮಧ್ಯಾಹ್ನ ಆಗಿರಲಿಲ್ಲ, ಸ್ವಲ್ಪದರಲ್ಲಿ ಉಳಿಯಿತು. ಗುಂಡ್ಲುಪೇಟೆಗೆ ಫೋನ್ ಮಾಡಿ ತಡವಾಗಿ ಬರುವುದಾಗಿ ಹೇಳಿದರು. ಎಂಟೂ ಹುಡುಗಿಯರು ಬರೆಯಲು ಶುರು ಮಾಡಿದರು. ಶಿವರುದ್ರಸ್ವಾಮಿ ಏಳಲು ಹೋದ. ನಾನು ಬೆರಳು ತೋರಿಸಿದೆ. ಸರ್ವರಿನ ಪಕ್ಕದಲ್ಲೇ ಕೂತ. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಪರೀಕ್ಷೆ ಮುಗಿಯುವವರೆಗೂ ಏನನ್ನೂ ಮುಟ್ಟದೆ ಕೂತ. ಮಧ್ಯದಲ್ಲಿ ಒಮ್ಮೆ ಕರೆಂಟ್ ಹೋಗಿ ಯುಪಿಎಸ್ ಕುಯ್ಯೋ ಎಂದಾಗ ಬೆವರಿದ, ಆದರೆ ಏಳಲಿಲ್ಲ. ಕರೆಂಟ್ ಬಂತು.

ಭವ್ಯ ಎಲ್ಲರಿಗಿಂತ ಕೊನೆಗೆ ಎದ್ದಳು. ಪರೀಕ್ಷಕರು ಆಗಲೇ ಸೀಡಿ ಕಟ್ಟಿಕೊಂಡು ಇಳಿದು ಹೋಗುತ್ತಿದ್ದರು. "ಚೆನ್ನಾಗ್ ಬರ್ದಿದ್ದೀನಿ ಅಕ್ಕ" ಎಂದು ನನಗೆ ಹೇಳಿ, ಗಂಡನ ಎದುರಿಗೆ ಹೋಗಿ ನಿಂತಳು. ಅವನು ಈಗಲೂ ಕೂತಿದ್ದ.

"ಗುಂಡ್ಲುಪೇಟೇಲಿ ಮನೆ ನಾನೇ ನೋಡ್ತೀನಿ. ಅಲ್ಲಿಂದ ಇನ್ನು ಪಾತ್ರೆ ಕಟ್ಟಾಕಿಲ್ಲ. ನೀವು ಯಾವೂರಿಗ್ ಬೇಕಾದ್ರೂ ಓಗಿ, ಯಾವ ಕೆಲ್ಸ ಬೇಕಾದ್ರೂ ಬುಡಿ, ಹಿಡೀರಿ. ನಾನೂ ಮಗೂನೂ ಅಲ್ಲೇ ಇರ್ತೀವಿ" ಅಂದಳು.

ಅವನು ನೆಲ ನೋಡುತ್ತಾ ಕೇಳಿದ: "ಸಂಜೆ ನಾನು ಬಂದ್ರೆ?"

"ಬಂದ್ರೆ ಮುದ್ದೆ ಇರ್ತದೆ. ಬರಾದು ನೀವು ಕಲೀಬೇಕು."

ಅವನು ಮುಖ ಒರೆಸಿಕೊಂಡ. ಧೂಳು ಒರೆಸಿದನೋ ಕಣ್ಣೊರೆಸಿದನೋ ನಾನು ಕೇಳಲಿಲ್ಲ. ಪಾಪ ಅನ್ನಿಸಿತು. ಮರುಕ್ಷಣವೇ ಬೆಳಿಗ್ಗೆಯ ಕೋಪ ನೆನಪಾಗಿ ಪಾಪ ಅನ್ನಿಸುವುದು ನಿಂತಿತು.

ಭವ್ಯ ಪಾಸಾದಳು. ದೀಪಾವಳಿಗೆ ಮುಂಚೆಯೇ ಆಫೀಸಿಗೆ ಸೇರಿದಳು, ಗುಂಡ್ಲುಪೇಟೆಯಲ್ಲಿ ಅವಳು ಹಿಡಿದ ಮನೆಯಲ್ಲೇ ಇವತ್ತಿಗೂ ಇದ್ದಾಳೆ. ಮಗು ಅಲ್ಲಿನ ಶಾಲೆಗೇ ಹೋಗುತ್ತಿದೆ. ಶಿವರುದ್ರಸ್ವಾಮಿ ಹಗಲೆಲ್ಲ ಅಲೆಯುತ್ತಾನೆ. ನಮ್ಮಲ್ಲಿ ಒಂದು ದಿನ, ಪುಣಜನೂರಿನಲ್ಲಿ ಒಂದು ದಿನ, ಎಲ್ಲಿ ಯಂತ್ರ ಕೆಟ್ಟರೂ ಅಲ್ಲಿ. ಕತ್ತಲಾಗುವ ಮೊದಲು ಆ ಮನೆಗೆ ವಾಪಸ್ ಹೋಗುತ್ತಾನೆ, ಅದೊಂದನ್ನು ಕಲಿತಿದ್ದಾನೆ. ಅಷ್ಟು ಸಾಕು ಅಕ್ಕ ಅನ್ನುತ್ತಾಳೆ ಭವ್ಯ. ನನ್ನನ್ನು ಕೇಳಿದರೆ ಸಾಲದು.